ಗಂಟು ಕರಗಿದ ಮೇಲೆ

ಮೈಲಾಪೂರಿಗೆ ‘ಪರಕ್ಕುಂ ರಯಿಲ್’ ಬಂದ ಹೊಸತು. ಎತ್ತರದ ಕಂಬಗಳ ಮೇಲೆ ಓಡುವ ಆ ರೈಲಿಗೆ ಊರ ಜನ ಇಟ್ಟ ಹೆಸರು ಅದು, ಹಾರುವ ರೈಲು ಅಂತ. ನನ್ನ ಕೆಲಸ ಪ್ಯಾರೀಸ್ ಕಾರ್ನರ್‌ನಲ್ಲಿ, ಬಂದರಿಗೆ ಬಂದ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ ಒಂದು ಸಣ್ಣ ಕಂಪನಿಯಲ್ಲಿ. ಸಂಜೆ ಬೀಚ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮೈಲಾಪೂರಿನಲ್ಲಿ ಇಳಿದರೆ ಬಸ್ಸಿನ ನೂಕುನುಗ್ಗಲು ತಪ್ಪುತ್ತಿತ್ತು. ಸ್ಟೇಷನ್ ಮಾತ್ರ ದೊಡ್ಡ ಗೋದಾಮಿನ ಹಾಗೆ. ಮೆಟ್ಟಿಲು ಹೆಚ್ಚು, ಜನ ಕಡಿಮೆ. ಒಂದು ಸಂಜೆ ಆ ಮೆಟ್ಟಿಲು ಇಳಿಯುವಾಗ ನಾನು ಕಾಲಿಟ್ಟ ಕಡೆ ಮೆಟ್ಟಿಲು ಸಿಗಲಿಲ್ಲ. ಕಂಬಿ ಹಿಡಿದು ಸಾವರಿಸಿಕೊಂಡೆ. ಚಪ್ಪಲಿ ಜಾರಿರಬೇಕು ಅಂದುಕೊಂಡು ಮನೆಗೆ ಹೋಗಿ, ಅದನ್ನು ತಿರುಗಿಸಿ ಅಟ್ಟೆ ನೋಡಿದೆ. ಅಟ್ಟೆ ಚೆನ್ನಾಗಿಯೇ ಇತ್ತು.

ಆಗ ನನಗೆ ಮೂವತ್ತು ದಾಟಿತ್ತು. ನಮ್ಮದು ಮದ್ರಾಸಿನಲ್ಲಿ ಮುತ್ತಜ್ಜನ ಕಾಲದಿಂದ ನೆಲೆಸಿದ ಮಾಧ್ವರ ಮನೆ. ಆಡುವ ಮಾತು ಕನ್ನಡ, ಆದರೆ ಅದರಲ್ಲಿ ಅರ್ಧಕ್ಕರ್ಧ ತಮಿಳು. ಬೆಂಗಳೂರಿನ ನೆಂಟರು ಬಂದಾಗ ನಮ್ಮ ಮಾತು ಕೇಳಿ ನಗುತ್ತಿದ್ದರು. ಶಾಲೆಯಲ್ಲಿ ಕನ್ನಡ ಇರಲಿಲ್ಲ. ಓದು ಬರಹ ಕಲಿಸಿದ್ದು ಅಪ್ಪ, ಊಟದ ಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು. ಅಪ್ಪನನ್ನು ನಮ್ಮಲ್ಲಿ ‘ಅಣ್ಣಾ’ ಎಂದು ಕರೆಯುವುದು. ಅಮ್ಮ ಹೋಗಿ ವರ್ಷಗಳಾಗಿದ್ದವು. ಮಹಡಿಯ ಮೇಲಿನ ಆ ಬಾಡಿಗೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅಪ್ಪ ರೈಲ್ವೆಯ ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದವರು. ಬೆಳಿಗ್ಗೆ ಸಂಧ್ಯಾವಂದನೆ, ಆಮೇಲೆ ಅಡುಗೆ, ಮಧ್ಯಾಹ್ನ ಇಂಗ್ಲಿಷ್ ಪೇಪರು, ಸಂಜೆ ದೇವಸ್ಥಾನದ ಕೆರೆಯ ಸುತ್ತ ಒಂದು ಸುತ್ತು. ನಮ್ಮಿಬ್ಬರ ಮಾತು ಹುಳಿಗೆ ಯಾವ ತರಕಾರಿ ಎಂಬಲ್ಲಿಗೆ ಮುಗಿಯುತ್ತಿತ್ತು. ಅದನ್ನು ನಾನು ಒಂಟಿತನ ಅಂದುಕೊಂಡಿರಲಿಲ್ಲ. ಒಂಟಿತನ ಅಂದರೆ ಏನು ಅಂತ ಗೊತ್ತಾದದ್ದು ಆಮೇಲೆ.

ಕಾಲು ತಪ್ಪಿದ ಮೇಲೆ ಕೈ ತಪ್ಪಿತು. ಬಾಗಿಲ ಚಿಲಕ ಹಿಡಿಯಲು ಹೋದರೆ ಕೈ ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಅಂಗಿಯ ಗುಂಡಿ ಹಾಕುವುದಕ್ಕೆ ಹಾಸಿಗೆಯ ಮೇಲೆ ಕೂರಬೇಕಾಯಿತು. ಆಫೀಸಿನಲ್ಲಿ ನನ್ನ ಅಕ್ಷರಕ್ಕೆ ಹೆಸರಿತ್ತು. ಕಂಪ್ಯೂಟರು ಬಂದ ಮೇಲೂ ಮುಖ್ಯವಾದ ಕಾಗದಗಳ ಮೇಲೆ ನನ್ನ ಕೈಯಿಂದಲೇ ಬರೆಸುತ್ತಿದ್ದರು. ಆ ಅಕ್ಷರ ವಾರದಿಂದ ವಾರಕ್ಕೆ ದೊಡ್ಡದಾಗುತ್ತ, ಸೊಟ್ಟಗಾಗುತ್ತ, ಕೊನೆಗೆ ಗೆರೆಯ ಮೇಲೆ ನಿಲ್ಲದೇ ಹೋಯಿತು. ನಡೆಯುವಾಗ ಕಾಲು ಅಗಲ ಮಾಡಿಕೊಂಡು, ಗೋಡೆ ಸವರಿಕೊಂಡು ನಡೆಯುತ್ತಿದ್ದೆ. ಎಲ್ಲಕ್ಕಿಂತ ಕೊನೆಗೆ ನಾಲಿಗೆ. ನಾನು ಆಡುವ ಮಾತು ನನ್ನ ಕಿವಿಗೇ ಎಳೆದೆಳೆದು, ತೊದಲಿ, ಬೇರೆ ಯಾರದೋ ಮಾತಿನ ಹಾಗೆ ಕೇಳುತ್ತಿತ್ತು. ತಲೆಯೊಳಗೆ ಮಾತ್ರ ಎಲ್ಲ ತಿಳಿಯಾಗಿತ್ತು. ಅದೇ ಕಷ್ಟದ ಸಂಗತಿ. ಒಳಗೆ ಇರುವವನು ನೆಟ್ಟಗೆ ಕೂತಿದ್ದಾನೆ, ಹೊರಗಿನವನು ತೂರಾಡುತ್ತಿದ್ದಾನೆ.

ಮದ್ರಾಸಿನಲ್ಲಿ ತೂರಾಡುವ, ತೊದಲುವ ಗಂಡಸನ್ನು ಕಂಡರೆ ಜನಕ್ಕೆ ಹೊಳೆಯುವುದು ಒಂದೇ. ‘ತಣ್ಣಿ’ ಎಂದರೆ ತಮಿಳಿನಲ್ಲಿ ನೀರು. ಬೀದಿಯ ಮಾತಿನಲ್ಲಿ ಹೆಂಡವೂ ಅದೇ. ‘ತಣ್ಣಿ ಹಾಕುವುದು’ ಅಂದರೆ ಕುಡಿಯುವುದು. ಕೆಳಗಿನ ಮನೆಯ ಹೆಂಗಸು ತನ್ನ ಗಂಡನಿಗೆ ಹೇಳಿದ್ದು ಮೆಟ್ಟಿಲ ಬುಡದಲ್ಲಿ ನಿಂತ ನನಗೆ ಕೇಳಿಸಿತು: “ರಾಯರ್ ಮನೆ ಹುಡುಗ ತಣ್ಣಿ ಹಾಕ್ತಾನೆ. ಪಾಪ, ಆ ಮುದುಕರಿಗೆ ಗೊತ್ತಿಲ್ಲ.” ಮಾಧ್ವರನ್ನು ಆ ಊರಲ್ಲಿ ರಾಯರ್ ಎನ್ನುತ್ತಾರೆ. ಅವಳ ದನಿಯಲ್ಲಿ ಹಗೆ ಇರಲಿಲ್ಲ, ಮರುಕವಿತ್ತು. ನಾನು ಗಟ್ಟಿಯಾಗಿ ಕೆಮ್ಮಿ, ಕಂಬಿ ಹಿಡಿದು ಮೇಲೆ ಹತ್ತಿದೆ. ಕೆಮ್ಮದೆ ಹತ್ತಿದ್ದರೂ ನನ್ನ ಕಾಲಿನ ಸದ್ದು ಅವಳಿಗೆ ಕೇಳಿಯೇ ಕೇಳುತ್ತಿತ್ತು.

ಆಫೀಸಿನಲ್ಲಿ ಮ್ಯಾನೇಜರು ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು, ತಾವೇ ಎದ್ದು ಬಾಗಿಲು ಹಾಕಿದರು. ಒಳ್ಳೆಯ ಮನುಷ್ಯ.

“ಕೂತ್ಕೊ ತಂಬಿ,” ಅಂದರು. “ನನ್ನ ಹೆಂಡತಿಯ ತಮ್ಮನೂ ಹೀಗೇ ಇದ್ದ. ಈಗ ಪೂರ್ತಿ ಸರಿಹೋಗಿದ್ದಾನೆ. ಅದಕ್ಕಂತಲೇ ಆಸ್ಪತ್ರೆಗಳಿವೆ. ಒಂದು ತಿಂಗಳು ರಜ ಹಾಕು. ಯಾರಿಗೂ ಗೊತ್ತಾಗಲ್ಲ.”

“ಯಾವುದಕ್ಕೆ ಸಾರ್?”

ಅವರು ಮಾತಿನಲ್ಲಿ ಹೇಳಲಿಲ್ಲ. ಹೆಬ್ಬೆರಳನ್ನು ತುಟಿಯ ಹತ್ತಿರ ತಂದು ತೋರಿಸಿದರು.

“ಸಾರ್, ನಾನು ಮುಟ್ಟಿಯೂ ನೋಡಿಲ್ಲ,” ಅಂದೆ. ಆ ವಾಕ್ಯ ನನ್ನ ಬಾಯಿಂದ ಹೊರಟ ರೀತಿ ಹೇಗಿತ್ತೆಂದರೆ, ಅದನ್ನು ಕೇಳಿದ ಯಾರೂ ನಂಬುವ ಹಾಗಿರಲಿಲ್ಲ. ಅವರು ತಲೆಯಾಡಿಸಿ, ನನ್ನ ಭುಜ ತಟ್ಟಿ, ರಜದ ಅರ್ಜಿಯನ್ನು ತಾವೇ ಟೈಪ್ ಮಾಡಿಸಿದರು.

ಮನೆಯಲ್ಲಿ ಅಪ್ಪ ಏನೂ ಕೇಳಿರಲಿಲ್ಲ. ರಜ ಹಾಕಿದ ದಿನ ಸಂಜೆ ನಾನು ಒಳಗೆ ಬರುವಾಗ ಬಾಗಿಲ ಚೌಕಟ್ಟಿಗೆ ಭುಜ ಹೊಡೆಯಿತು. ಅವರು ಸಂಜೆಯ ಆಹ್ನಿಕಕ್ಕೆ ಕೂತವರು ಎದ್ದು ಬಂದರು.

“ಇಲ್ಲಿ ಬಾ.”

“ಏನಣ್ಣಾ?”

“ಬಾಯಿ ಊದು.”

ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಯಿತು, ನಂಬಲಾಗಲಿಲ್ಲ. ಅವರು ನನಗಿಂತ ಕುಳ್ಳು. ನಾನು ಗೋಡೆಗೆ ಒಂದು ಕೈ ಕೊಟ್ಟು ಬಗ್ಗಿದೆ. ಅವರ ಹಣೆಯ ಅಂಗಾರ ಅಕ್ಷತೆ ನನ್ನ ಕಣ್ಣ ಮುಂದೆ ಎರಡೆರಡಾಗಿ ಕಾಣುತ್ತಿತ್ತು. ಊದಿದೆ. ಅವರು ಕಣ್ಣು ಮುಚ್ಚಿಕೊಂಡು ಮೂಸಿ ನೋಡಿದರು.

“ವಾಸನೆ ಇಲ್ಲ,” ಅಂದರು. ಕಣ್ಣು ತೆರೆದು ಮತ್ತೆ ಹೇಳಿದರು, “ಈಗೆಲ್ಲ ವಾಸನೆ ಬರದಿರೋದೂ ಸಿಗತ್ತಂತೆ.”

ಅವರು ವಾಪಸ್ಸು ಹೋಗಿ ಮಣೆಯ ಮೇಲೆ ಕೂತರು. ನಾನು ಅಡುಗೆಮನೆಗೆ ಹೋಗಿ ನಲ್ಲಿಯ ಮುಂದೆ ನಿಂತೆ. ನಾನು ಆ ಮನೆಯಲ್ಲಿ ಅಷ್ಟು ಒಂಟಿಯಾಗಿ ಯಾವತ್ತೂ ಇರಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಅಪ್ಪ ಜಗಳವಾಡಲಿಲ್ಲ. ಮಾರನೆಯ ದಿನ ಎಂದಿನಂತೆ ಸಾರು ಮಾಡಿ, ತಟ್ಟೆ ಹಾಕಿ, “ಬಾ” ಅಂದರು.

ಡಾಕ್ಟರುಗಳ ಸುತ್ತಾಟ ಶುರುವಾಯಿತು. ಬೀದಿಯ ಕೊನೆಯ ನಮ್ಮ ಹಳೆಯ ಡಾಕ್ಟರು ನಿಶ್ಶಕ್ತಿ ಎಂದು ವಿಟಮಿನ್ ಸೂಜಿ ಚುಚ್ಚಿದರು. ಕಿವಿಯ ಡಾಕ್ಟರು ಕಿವಿಯೊಳಗಿನ ನೀರಿನ ತೊಂದರೆ ಇರಬಹುದು ಅಂದರು. ಕೊನೆಗೆ ತಲೆಯ ಸ್ಕ್ಯಾನ್. ಆ ದೊಡ್ಡ ಕೊಳವೆಯೊಳಗೆ ಮಲಗಿದ್ದಾಗ ನಾನು ದೇವರಲ್ಲಿ ಕೇಳಿಕೊಂಡದ್ದು ವಿಚಿತ್ರ: ಏನಾದರೂ ಕಾಣಲಿ. ಏನೂ ಕಾಣಲಿಲ್ಲ. “ಎಲ್ಲಾ ನಾರ್ಮಲ್, ಸಂತೋಷಪಡಿ,” ಅಂದರು ಸ್ಕ್ಯಾನಿನವರು. ಆಟೋದಲ್ಲಿ ಮನೆಗೆ ಬರುವಾಗ ಅಪ್ಪ ದಾರಿಯುದ್ದಕ್ಕೂ ರಸ್ತೆ ನೋಡುತ್ತಾ ಕೂತಿದ್ದರು. ತಲೆ ಸರಿಯಿದೆ, ಕಿವಿ ಸರಿಯಿದೆ ಎಂದರೆ ಉಳಿದದ್ದು ಏನು ಎಂದು ನಾವಿಬ್ಬರೂ ಒಂದನ್ನೇ ಯೋಚಿಸುತ್ತಿದ್ದೆವು.

ಕೀಲ್ಪಾಕ್‌ನಲ್ಲಿ ಒಬ್ಬರು ನರರೋಗದ ಡಾಕ್ಟರು ಸಂಜೆ ಹೊತ್ತು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಅಲ್ಲಿಗೆ ಹೋದೆವು. ವಯಸ್ಸಾದವರು, ನಿಧಾನದ ಮನುಷ್ಯ. ತಮ್ಮ ಬೆರಳನ್ನು ನನ್ನ ಮುಂದೆ ಹಿಡಿದು, “ಇದನ್ನು ಮುಟ್ಟಿ, ಆಮೇಲೆ ನಿಮ್ಮ ಮೂಗು ಮುಟ್ಟಿಕೊಳ್ಳಿ,” ಅಂದರು. ನನ್ನ ಬೆರಳು ಅವರ ಬೆರಳಿನ ಹತ್ತಿರ ಹೋದಷ್ಟೂ ಹೆಚ್ಚು ನಡುಗಿ ಕೊನೆಗೆ ನನ್ನ ಕೆನ್ನೆಗೆ ತಿವಿಯಿತು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ಮುಟ್ಟಿಸಿ ನಡೆಯಲು ಹೇಳಿದರು. ಬೀಳುವ ಮೊದಲೇ ಹಿಡಿದುಕೊಂಡರು. ಸ್ಕ್ಯಾನನ್ನು ದೀಪಕ್ಕೆ ಹಿಡಿದು ನೋಡಿ, ಲಕೋಟೆಗೆ ಹಾಕಿ, ಪಕ್ಕಕ್ಕಿಟ್ಟರು.

“ಅಂಗಿ ಬಿಚ್ಚಿ,” ಅಂದರು.

ಇಷ್ಟು ದಿನ ಎಲ್ಲರೂ ನನ್ನ ತಲೆ, ಕಿವಿ ನೋಡಿದ್ದರು. ಇವರು ಕತ್ತು, ಕಂಕುಳು, ಹೊಟ್ಟೆ, ತೊಡೆಸಂದಿ ಎಲ್ಲ ಒತ್ತಿ ನೋಡಿದರು. ಎಡಗಡೆ ಕತ್ತಿನ ಬುಡದಲ್ಲಿ, ಕೊರಳೆಲುಬಿನ ಮೇಲೆ ಅವರ ಬೆರಳು ನಿಂತಿತು. ಅಲ್ಲಿ ಒಂದು ಗಂಟಿತ್ತು, ರಬ್ಬರಿನ ಹಾಗೆ, ನೋವಿಲ್ಲದ್ದು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

“ಮೈ ಕಡಿತ ಇದೆಯೇ?”

“ಇದೆ ಸಾರ್. ಬೆವರುಸಾಲೆ ಅಂದುಕೊಂಡಿದ್ದೆ.”

“ರಾತ್ರಿ ಬೆವರುತ್ತದೆಯೇ? ಹಾಸಿಗೆ ಒದ್ದೆಯಾಗುವಷ್ಟು?”

ಮದ್ರಾಸಿನಲ್ಲಿ ರಾತ್ರಿ ಬೆವರದವರು ಯಾರು? ಹೌದು ಅಂದೆ. ಅವರು ಗಂಟಿನ ಮೇಲೆ ಬೆರಳಿಟ್ಟುಕೊಂಡೇ ಮುಂದಿನ ಪ್ರಶ್ನೆ ಕೇಳಿದರು:

“ಕುಡಿದಾಗ ಇದು ನೋಯುತ್ತದೆಯೇ?”

ಇಷ್ಟು ದೂರ ಬಂದು, ಈ ಡಾಕ್ಟರೂ ಅದೇ ಪ್ರಶ್ನೆಗೆ ಬಂದು ನಿಂತರಲ್ಲ ಅನ್ನಿಸಿತು. ಬಾಯಿ ತೆರೆದರೆ ತೊದಲುತ್ತದೆ, ತೊದಲಿದರೆ ನಂಬುವುದಿಲ್ಲ. ಕಣ್ಣಲ್ಲಿ ನೀರು ಬಂತು. ಆಗ ಮೂಲೆಯ ಕುರ್ಚಿಯಿಂದ ಅಪ್ಪನ ದನಿ ಕೇಳಿತು. ಇಂಗ್ಲಿಷಿನಲ್ಲಿ, ಆಫೀಸಿನಲ್ಲಿ ಮೇಲಧಿಕಾರಿಗೆ ಉತ್ತರ ಕೊಡುವ ದನಿಯಲ್ಲಿ ಹೇಳಿದರು:

“ಡಾಕ್ಟರ್, ನನ್ನ ಮಗ ಕುಡಿಯುವುದಿಲ್ಲ.”

ಡಾಕ್ಟರು ತಿರುಗಿ ನೋಡಿದರು. ಅವರಿಗೆ ಆ ಮಾತಿನ ಹಿಂದಿನದು ಏನೂ ಗೊತ್ತಿರಲಿಲ್ಲ. “ಕುಡೀತಾರೆ ಅಂತ ನಾನು ಹೇಳಲಿಲ್ಲ,” ಅಂದರು. “ಒಂದು ಜಾತಿಯ ಗಂಟು ಇದೆ, ಕುಡಿದಾಗ ನೋಯುತ್ತದೆ. ಅದಕ್ಕೆ ಕೇಳಿದೆ.” ಆಮೇಲೆ ನನಗೆ ಅಂಗಿ ಕೊಟ್ಟು, ಗುಂಡಿ ಹಾಕಿಕೊಳ್ಳಲು ಒದ್ದಾಡುವುದನ್ನು ನೋಡಿ, ತಾವೇ ಹಾಕಿದರು.

ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಮತ್ತೆ ಅದೇ ಕೋಣೆಯಲ್ಲಿ ಕೂತೆವು. ಕ್ಯಾನ್ಸರ್. ದುಗ್ಧಗ್ರಂಥಿಗಳದ್ದು, ಲಿಂಫೋಮಾ, ಅದರಲ್ಲೂ ಚೆನ್ನಾಗಿ ವಾಸಿಯಾಗುವ ಬಗೆ ಎಂದರು.

“ತಲೆಗೆ ಏರಿದೆಯೇ?” ಅಪ್ಪ ಕೇಳಿದರು.

“ಇಲ್ಲ. ಅದು ಅಲ್ಲಿಗೆ ಹೋಗಿಯೇ ಇಲ್ಲ. ಅದಕ್ಕೇ ಸ್ಕ್ಯಾನಿನಲ್ಲಿ ಕಾಣಲಿಲ್ಲ.” ಡಾಕ್ಟರು ನನ್ನ ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ ಅಂಗೈ ಇಟ್ಟರು. “ಇಲ್ಲಿ ಕಿರುಮೆದುಳು ಇರುತ್ತದೆ. ನಡಿಗೆ, ಕೈಯ ಹಿಡಿತ, ನಾಲಿಗೆಯ ಹಿಡಿತ ಎಲ್ಲ ನೋಡಿಕೊಳ್ಳುವುದು ಇದು. ಗಂಟು ಬಂದಾಗ ಅದರ ವಿರುದ್ಧ ಹೋರಾಡುವುದಕ್ಕೆ ನಿಮ್ಮ ದೇಹ ಒಂದು ಪಡೆ ತಯಾರು ಮಾಡಿದೆ. ಆ ಪಡೆಗೆ ಗುರುತು ತಪ್ಪಿದೆ. ಗಂಟನ್ನು ಹೊಡೆಯುವುದರ ಜೊತೆಗೆ ಇದನ್ನೂ ಹೊಡೀತಾ ಇದೆ. ಬಹಳ ಅಪರೂಪ. ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಕಡಿಮೆ.”

ಹೇಳಿದರೆ ಯಾರೂ ನಂಬುವುದಿಲ್ಲ, ಕ್ಯಾನ್ಸರ್ ಎಂದು ಕೇಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ನನಗೆ ಏನೋ ಆಗಿದೆ, ಅದಕ್ಕೊಂದು ಹೆಸರಿದೆ, ಅದು ಬಾಟಲಿಯಿಂದ ಬಂದದ್ದಲ್ಲ. ಹೊರಗೆ ಬಂದು ಆಟೋಗೆ ಕಾಯುವಾಗ ಅಪ್ಪ ನನ್ನ ತೋಳು ಹಿಡಿದುಕೊಂಡರು. ಅಮ್ಮ ಹೋದ ದಿನವೂ ಅವರು ನನ್ನನ್ನು ಮುಟ್ಟಿರಲಿಲ್ಲ. ಕ್ಷಮಿಸು ಎಂದು ಅವರು ಹೇಳಲಿಲ್ಲ, ನಾನೂ ಅದಕ್ಕೆ ಕಾಯಲಿಲ್ಲ. ಹಿಡಿದ ತೋಳನ್ನು ಮನೆಯವರೆಗೂ ಬಿಡಲಿಲ್ಲ.

ಆದರೆ ಯಾರಿಗೂ ಹೇಳಬಾರದು ಅಂದರು ಅಪ್ಪ. ಆ ಕಾಲದಲ್ಲಿ ನಮ್ಮ ಜನರಲ್ಲಿ ಆ ಕಾಯಿಲೆಯ ಹೆಸರನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ; “ಅದು ಬಂದಿದೆಯಂತೆ” ಅನ್ನುತ್ತಿದ್ದರು. ನನಗೆ ಮದುವೆ ಬೇರೆ ಆಗಿರಲಿಲ್ಲ. ಆದ್ದರಿಂದ ಮದ್ದು ಶುರುವಾಗಿ, ಮೈ ಇಳಿದು, ತಲೆ ಬೋಳಾಗಿ, ನಾನು ಅಪ್ಪನ ಹೆಗಲು ಹಿಡಿದು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯವರು ಕುಡಿತಕ್ಕೇ ಈ ಗತಿ ಅಂದುಕೊಂಡರು. ಈರಲು, ಅಂದರೆ ಲಿವರು, ಹೋಗಿರಬೇಕು ಎಂದು ಹಾಲಿನವನ ಹತ್ತಿರ ಹೇಳಿದರಂತೆ.

ಆಸ್ಪತ್ರೆಯಲ್ಲಿ ಮದ್ದು ಏರಿಸುವ ಕೋಣೆಯಲ್ಲೂ ನನಗೆ ಜೊತೆ ಸಿಗಲಿಲ್ಲ. ಅಲ್ಲಿದ್ದವರದು ಒಂದು ಬಳಗ. ಯಾರಿಗೆ ವಾಂತಿ ನಿಂತಿತು, ಯಾರಿಗೆ ಬಾಯಿ ಹುಣ್ಣು, ಎಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕೇಳಿದರೆ ನಾನು ಹೇಳುವ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ, ಎರಡು ಸಲ “ಏನ್ನಾ?” ಎಂದು ಕೇಳಿ, ಮೂರನೆಯ ಸಲ ಕೇಳಲು ಸಂಕೋಚಪಟ್ಟು ನಕ್ಕು ಬಿಡುತ್ತಿದ್ದರು. ಕ್ಯಾನ್ಸರಿನವರ ನಡುವೆ ನಾನು ನರರೋಗಿ, ನರರೋಗಿಗಳ ನಡುವೆ ಕ್ಯಾನ್ಸರಿನವನು.

ಒಂದು ದಿನ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಕೂತಿದ್ದೆ. ಕೆಳಗಿನ ಹೆಂಗಸು ಬೀದಿಯಲ್ಲಿ ತರಕಾರಿ ಗಾಡಿಯ ಹತ್ತಿರ ಯಾರಿಗೋ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದಳು. ಅಪ್ಪ ಒಳಗಿನಿಂದ ಅದನ್ನು ನೋಡಿದರು. ಅಂಗವಸ್ತ್ರ ಹೊದ್ದು, ಚಪ್ಪಲಿ ಮೆಟ್ಟಿ ಕೆಳಗಿಳಿದರು. ಅವರು ಆ ಹೆಂಗಸಿನ ಜೊತೆ ಹತ್ತು ವರ್ಷದಲ್ಲಿ ನೆಟ್ಟಗೆ ಮಾತಾಡಿದವರಲ್ಲ. ಗಾಡಿಯ ಮುಂದೆ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದರು:

“ಅಮ್ಮಾ, ನನ್ನ ಮಗನಿಗೆ ಕ್ಯಾನ್ಸರ್. ಆ ಕ್ಯಾನ್ಸರ್‌ನಿಂದ ಅವನ ನಡಿಗೆ ಹೋಗಿದೆ, ಮಾತು ಹೋಗಿದೆ. ಅವನು ಕುಡಿಯುವುದಿಲ್ಲ. ನಿಮಗೆ ತಿಳಿದಿರಲಿ ಅಂತ ಹೇಳಿದೆ.”

ಅವಳು ಕೈಯಲ್ಲಿದ್ದ ಬದನೆಕಾಯಿ ಗಾಡಿಗೆ ಹಾಕಿ, ಎರಡೂ ಕೈ ಬಾಯಿಗಿಟ್ಟುಕೊಂಡಳು. ಅಪ್ಪ ಮೇಲೆ ಬಂದು, ಅಂಗವಸ್ತ್ರ ಮಡಿಸಿಟ್ಟು, ಒಲೆಯ ಮೇಲೆ ಬಿಟ್ಟುಹೋಗಿದ್ದ ಬೇಳೆ ನೋಡಲು ಹೋದರು. ಅವತ್ತು ಮಧ್ಯಾಹ್ನ ಅವಳು ಒಂದು ಡಬ್ಬಿಯಲ್ಲಿ ಪಾಯಸ ತಂದು ಬಾಗಿಲಲ್ಲಿ ಕೊಟ್ಟು, ನನ್ನ ಮುಖ ನೋಡದೆ ಹೊರಟುಹೋದಳು. ಆಮೇಲೆ ಆ ಮನೆಯ ಮಕ್ಕಳು ನಮ್ಮ ಮೆಟ್ಟಿಲ ಮೇಲೆ ಆಡುವುದು ನಿಂತಿತು. ಮೊದಲು ನಾನು ಕುಡುಕನಾಗಿದ್ದಾಗ ಆಡುತ್ತಿದ್ದರು.

ಮೈಯಲ್ಲಿ ಸ್ವಲ್ಪ ಕಸುವು ಬಂದ ದಿನಗಳಲ್ಲಿ ಅಪ್ಪ ನನ್ನನ್ನು ಬೆಳ್ಳಂಬೆಳಿಗ್ಗೆ ಆಟೋದಲ್ಲಿ ಸಮುದ್ರದ ದಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ಮರೀನಾದ ಮರಳು ಅಗಲ. ರಸ್ತೆಯಿಂದ ನೀರಿನವರೆಗೆ ಹೋಗುವುದೇ ಒಂದು ಪ್ರಯಾಣ. ಆ ಒಣ ಮರಳಿನಲ್ಲಿ ಎಲ್ಲರ ಕಾಲೂ ಹುಗಿಯುತ್ತದೆ, ಎಲ್ಲರೂ ಅತ್ತಿತ್ತ ವಾಲುತ್ತಾರೆ. ಅಲ್ಲಿ ನನ್ನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಿದ್ದರೂ ಪೆಟ್ಟಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು. ಒಂದು ಸಲ ಅವರೇ ಮುಗ್ಗರಿಸಿ ಮಂಡಿಯೂರಿದರು. ನಾನು ಎಬ್ಬಿಸಲು ಹೋಗಿ ಅವರ ಮೇಲೆಯೇ ಬಿದ್ದೆ. ಇಬ್ಬರೂ ಎದ್ದೇಳಲಾಗದೆ ಅಲ್ಲೇ ಕೂತು ನಕ್ಕೆವು. ಅಪ್ಪ ಜೋರಾಗಿ ನಕ್ಕದ್ದು ನನಗೆ ಜ್ಞಾಪಕವಿರುವುದು ಅದೊಂದೇ.

ಮದ್ದು ಮುಗಿಯಿತು. ಗಂಟು ಕರಗಿತು. ಪರೀಕ್ಷೆ ಮೇಲೆ ಪರೀಕ್ಷೆ ಮಾಡಿ, ಎಲ್ಲೂ ಏನೂ ಉಳಿದಿಲ್ಲ ಅಂದರು. ಸುದ್ದಿ ತಿಳಿದ ನೆಂಟರು ಹಣ್ಣು, ಹೂವು ತಂದರು. “ಗೆದ್ದುಬಿಟ್ಟೆಯಲ್ಲೋ,” ಅಂದರು. “ರಾಯರ ದಯೆ. ಇನ್ನೇನು ಯೋಚನೆ?” ಅವರನ್ನು ಬಾಗಿಲವರೆಗೆ ಕಳಿಸಲು ನಾನು ಎದ್ದು, ಗೋಡೆ ಹಿಡಿದು, ಕಾಲಗಲಿಸಿ ಬರುವುದನ್ನು ನೋಡಿ ಅವರ ನಗು ಅರ್ಧಕ್ಕೆ ನಿಲ್ಲುತ್ತಿತ್ತು. “ಅದೂ ಸರಿಹೋಗತ್ತೆ ಬಿಡು,” ಎನ್ನುತ್ತಿದ್ದರು.

ನಾನೂ ಹಾಗೇ ಕಾಯುತ್ತಿದ್ದೆ. ಕಾರಣ ಹೋದರೆ ಕಾಯಿಲೆ ಹೋಗಬೇಕಲ್ಲ? ಎರಡೆರಡಾಗಿ ಕಾಣುವುದು ನಿಂತಿತು. ಮಾತು ಒಂದಿಷ್ಟು ತಿಳಿಯಾಯಿತು. ಅಲ್ಲಿಗೆ ನಿಂತಿತು. ಕೀಲ್ಪಾಕಿನ ಡಾಕ್ಟರನ್ನು ಕೇಳಿದಾಗ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

“ಹೊಡೆಯುವುದು ನಿಂತಿದೆ,” ಅಂದರು. “ಅಷ್ಟರಲ್ಲಿ ಸತ್ತ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ಇನ್ನು ಇಷ್ಟರಲ್ಲೇ ಬದುಕುವುದನ್ನು ಕಲಿಯಬೇಕು.”

ಇದನ್ನು ಯಾರಿಗೆ ಹೇಳುವುದು? ಸಾಯುತ್ತಿದ್ದಾಗ ಎಲ್ಲರಿಗೂ ಅರ್ಥವಾಗಿತ್ತು. ವಾಸಿಯಾದವನು ಮುಖ ಸಪ್ಪಗೆ ಮಾಡಿಕೊಂಡು ಕೂತರೆ ಕೃತಘ್ನ ಅನ್ನುತ್ತಾರೆ. ಆಫೀಸಿಗೆ ಮತ್ತೆ ಹೋಗಲಾಗಲಿಲ್ಲ. ಪ್ಯಾರೀಸ್ ಕಾರ್ನರಿನ ಆ ಕೈಗಾಡಿ, ಜನ, ಲಾರಿಗಳ ನಡುವೆ ನನಗೆ ನಿಲ್ಲುವುದಕ್ಕೇ ಆಗುತ್ತಿರಲಿಲ್ಲ. ಮನೆಯಲ್ಲೇ ಕಾಮರ್ಸ್ ಓದುವವರಿಗೆ ಅಕೌಂಟ್ಸ್ ಪಾಠ ಹೇಳತೊಡಗಿದೆ. ಬಂದವರಲ್ಲಿ ಕೆಲವರು ನನ್ನ ಮಾತು ಅರ್ಥವಾಗದೆ ಒಂದೇ ವಾರಕ್ಕೆ ಬಿಟ್ಟರು. ಉಳಿದವರು ಕಿವಿ ಹೊಂದಿಸಿಕೊಂಡರು. ಪಾಠವೆಲ್ಲ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಮದುವೆಯ ಮಾತನ್ನು ಮನೆಗೆ ಬಂದವರೂ ಎತ್ತುವುದು ಬಿಟ್ಟರು.

ಹೀಗೆ ಕೆಲವು ವರ್ಷ. ಒಂದು ಚಳಿಗಾಲದ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ ಬಂದು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಸ್ಮಶಾನದಲ್ಲಿ ನೀರಿನ ಮಡಕೆ ಹೆಗಲ ಮೇಲಿಟ್ಟುಕೊಂಡು ಸುತ್ತು ಬರಬೇಕಾದಾಗ ಪುರೋಹಿತರು ಅನುಮಾನಿಸಿದರು. ನಾನೇ ಬರುತ್ತೇನೆ ಅಂದೆ. ಇಬ್ಬರು ಎರಡು ಕಡೆ ಹಿಡಿದುಕೊಂಡರು. ಮಡಕೆಯ ನೀರು ಅರ್ಧ ನನ್ನ ಮೇಲೆಯೇ ಚೆಲ್ಲಿತು. ಮುಗಿಸಿದೆ.

ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆ ಒಂದು ಸಂಗತಿ ನಿಧಾನವಾಗಿ ಗೊತ್ತಾಯಿತು. ನನ್ನ ಕನ್ನಡ ಪೂರ್ತಿ ಅರ್ಥವಾಗುತ್ತಿದ್ದದ್ದು ಅಪ್ಪನಿಗೆ ಒಬ್ಬರಿಗೇ. ನಾನು ಪಾಠ ಹೇಳುವಾಗ ಬಿಡಿಸಿ ಬಿಡಿಸಿ, ನಾಲಿಗೆಯ ಮೇಲೆ ನಿಗಾ ಇಟ್ಟು ಮಾತಾಡುತ್ತಿದ್ದೆ. ಮನೆಯಲ್ಲಿ ಆ ಕಷ್ಟ ಪಡುತ್ತಿರಲಿಲ್ಲ. ಹೇಗೆ ಬರುತ್ತದೋ ಹಾಗೆ ಆಡುತ್ತಿದ್ದೆ, ಅಪ್ಪ ಪತ್ರಿಕೆಯಿಂದ ತಲೆಯೆತ್ತದೆ ಉತ್ತರ ಕೊಡುತ್ತಿದ್ದರು. ಆ ಮಾತು ಈಗ ಆಡಲು ಜಾಗವಿಲ್ಲದ ಮಾತಾಯಿತು. ತರಕಾರಿ ಹೆಚ್ಚುವಾಗ “ಅಣ್ಣಾ, ಇವತ್ತು ಸೌತೆಕಾಯಿ ಹುಳಿ” ಎಂದು ಗಟ್ಟಿಯಾಗಿ ಹೇಳಿಬಿಟ್ಟು, ಸುಮ್ಮನಾಗುತ್ತಿದ್ದೆ.

ಕೀಲ್ಪಾಕಿನ ಡಾಕ್ಟರನ್ನು ವರ್ಷಕ್ಕೊಮ್ಮೆ ನೋಡುವುದು ನಡೆದೇ ಇತ್ತು. ಅಪ್ಪ ಹೋದ ಮರುವರ್ಷ ಅವರೇ ಫೋನ್ ಮಾಡಿದರು. “ನನ್ನ ಹತ್ತಿರ ಒಬ್ಬ ಹೆಂಗಸು ಬಂದಿದ್ದಾರೆ. ಸ್ಕೂಲ್ ಟೀಚರ್. ಅವರಿಗೆ ಗರ್ಭಕೋಶದ ಪಕ್ಕದ ಅಂಡಾಶಯದಲ್ಲಿ ಗಡ್ಡೆ, ಆದರೆ ಮೊದಲು ಕೆಟ್ಟದ್ದು ನಿಮ್ಮ ಹಾಗೇ ನಡಿಗೆ. ಅವರ ಜೊತೆ ಮಾತಾಡುತ್ತೀರಾ? ಬಲವಂತ ಇಲ್ಲ.”

ಹೋದೆ. ಅವರು ಚಿಕಿತ್ಸೆ ಪಡೆಯುತ್ತಿದ್ದ ಆಸ್ಪತ್ರೆಯ ಓಣಿಯಲ್ಲಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ದೂರದಿಂದ ಒಬ್ಬರು ಗಂಡನ ಕೈ ಹಿಡಿದು ಬರುತ್ತಿದ್ದರು. ಕಾಲು ಅಗಲ, ಒಂದು ಕೈ ಗೋಡೆಯ ಮೇಲೆ, ಕಣ್ಣು ನೆಲದಲ್ಲಿ. ನಾನು ನನ್ನ ನಡಿಗೆಯನ್ನು ಹೊರಗಿನಿಂದ ಯಾವತ್ತೂ ನೋಡಿರಲಿಲ್ಲ. ಅಷ್ಟು ವರ್ಷದ ಮೇಲೆ ಮೊದಲ ಸಲ, ಬೇರೊಬ್ಬರ ಮೈಯಲ್ಲಿ ಅದನ್ನು ನೋಡಿದೆ. ಸಂಕಟವಾಯಿತು, ಅದರ ಜೊತೆಗೇ ಊರಿನವರೊಬ್ಬರು ಸಿಕ್ಕಷ್ಟು ಸಂತೋಷವೂ ಆಯಿತು.

ಐವತ್ತರ ಹತ್ತಿರದ ಹೆಂಗಸು. ಹಣೆಯಲ್ಲಿ ದೊಡ್ಡ ಕುಂಕುಮ, ತಲೆಗೆ ಸ್ಕಾರ್ಫು. ಅವರ ತಮಿಳು ತೊದಲುತ್ತಿತ್ತು, ನನ್ನ ತಮಿಳೂ ತೊದಲುತ್ತಿತ್ತು. ಆದರೆ ಇಬ್ಬರಿಗೂ ಒಂದು ಶಬ್ದವೂ ತಪ್ಪಲಿಲ್ಲ. ಪಕ್ಕದಲ್ಲಿ ಕೂತ ಅವರ ಗಂಡನಿಗೇ ಆಗಾಗ “ಏನಂದ್ರು?” ಎಂದು ಕೇಳಬೇಕಾಗುತ್ತಿತ್ತು.

“ಸ್ಕೂಲಲ್ಲಿ ಮಕ್ಕಳು ನಕ್ಕವು,” ಅಂದರು ಅವರು. “ಬೋರ್ಡಿನ ಮೇಲೆ ಅಕ್ಷರ ಓಡಿಹೋಗ್ತಿತ್ತು.”

“ನನ್ನ ಅಕ್ಷರವೂ ಹೋಯಿತು.”

“ನಿಮ್ಮ ಕ್ಯಾನ್ಸರ್ ಪೂರ್ತಿ ವಾಸಿಯಾಗಿದೆ ಅಂದ್ರು ಡಾಕ್ಟರ್.”

“ಆಗಿದೆಯಮ್ಮ.”

ಅವರು ನನ್ನ ಕೈ ನೋಡಿದರು. ಬೆಂಚಿನ ಅಂಚು ಹಿಡಿದಿದ್ದರೂ ಅದು ಸ್ವಲ್ಪ ಅಲುಗುತ್ತಿತ್ತು. “ಇದು?”

ಅವರ ಗಂಡ ನನ್ನತ್ತ ನೋಡಿದ ನೋಟದಲ್ಲಿ ಒಂದು ಬೇಡಿಕೆಯಿತ್ತು. ಅದೂ ಸರಿಹೋಗತ್ತೆ ಎನ್ನುವುದು ಎಷ್ಟು ಸುಲಭವಿತ್ತು. ನನಗೆ ಹಾಗೆ ಹೇಳಿದವರನ್ನೆಲ್ಲ ನೆನೆಸಿಕೊಂಡೆ. ಅವರು ಹೊರಟುಹೋದ ಮೇಲೆ ಆ ಮಾತಿನ ಜೊತೆ ಉಳಿಯುತ್ತಿದ್ದವನು ನಾನೊಬ್ಬನೇ.

“ಇದು ಹೋಗಲಿಲ್ಲ,” ಅಂದೆ. “ನಿಮ್ಮದು ಹೇಗೋ ನನಗೆ ಗೊತ್ತಿಲ್ಲ. ನನ್ನದು ಹೋಗಲಿಲ್ಲ.”

ಅವರ ಗಂಡ ಎದ್ದು ಕಿಟಕಿಯ ಹತ್ತಿರ ಹೋದರು. ಆಕೆ ಅಳಲಿಲ್ಲ. ಪಾಠ ಕೇಳುವವರ ಹಾಗೆ ನನ್ನ ಕಡೆ ತಿರುಗಿದರು.

“ಹಾಗಾದ್ರೆ ಹೇಳಿ, ಕಾಫಿ ಹೇಗೆ ಕುಡೀತೀರಿ? ನನಗೆ ಬೇರೆಯವರು ಕುಡಿಸೋದು ಸಾಕಾಗಿದೆ.”

ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿಗೆ ಹೋದೆವು, ಇಬ್ಬರೂ ಒಂದೇ ಗೋಡೆ ಹಿಡಿದು, ಒಬ್ಬರ ಹಿಂದೆ ಒಬ್ಬರು. ಎದುರಿಗೆ ಬಂದ ಒಬ್ಬಾತ ನಮ್ಮನ್ನು ನೋಡಿ ದಾರಿ ಬಿಟ್ಟು, ತಿರುಗಿ ತಿರುಗಿ ನೋಡುತ್ತ ಹೋದ. ಲೋಟದಲ್ಲಿ ಅರ್ಧ ಮಾತ್ರ ಹಾಕಿಸಬೇಕು, ಎರಡೂ ಮೊಣಕೈ ಮೇಜಿಗೆ ಒತ್ತಬೇಕು, ಲೋಟವನ್ನು ಬಾಯಿಗೆ ತರಬಾರದು, ಬಾಯನ್ನು ಲೋಟಕ್ಕೆ ತರಬೇಕು ಎಂದು ತೋರಿಸಿದೆ. ಮೊದಲ ಸಲ ಅವರ ಸೀರೆಯ ಮೇಲೆ ಚೆಲ್ಲಿತು. ಎರಡನೆಯ ಸಲ ಕುಡಿದರು. “ಸಕ್ಕರೆ ಸಾಲದು,” ಅಂದರು.

ಆಮೇಲೆ ಅವರು ಕೆಲವು ಸಲ ಫೋನ್ ಮಾಡಿದರು. ಗುಂಡಿಯ ಬದಲು ಏನು ಹಾಕಿಸಿಕೊಳ್ಳುತ್ತೀರಿ, ಬಸ್ಸು ಹತ್ತುವಾಗ ಕಂಡಕ್ಟರಿಗೆ ಏನು ಹೇಳುತ್ತೀರಿ, ಅಂಥವು. ಒಂದು ಸಲ ಏನೂ ಕೇಳದೆ, ಶಾಲೆಯ ಒಬ್ಬಳು ಹುಡುಗಿ ಮನೆಗೆ ಬಂದಿದ್ದಳೆಂದು ಅರ್ಧ ಗಂಟೆ ಮಾತಾಡಿದರು. ಗಡ್ಡೆ ನನ್ನದರ ಹಾಗೆ ಕರಗುವ ಬಗೆಯದಾಗಿರಲಿಲ್ಲ. ವರ್ಷ ತುಂಬುವ ಮೊದಲೇ ಅವರ ಗಂಡ ಫೋನ್ ಮಾಡಿ ವಿಷಯ ಹೇಳಿದರು. ಕೊನೆಯವರೆಗೂ ಕಾಫಿ ತಾನೇ ಕುಡಿಯುತ್ತಿದ್ದಳು ಅಂದರು.

ನಾನು ಫೋನ್ ಇಟ್ಟೆ. ಪಾಠಕ್ಕೆ ಬರುವವರು ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಮುಖ ತೊಳೆದುಕೊಂಡು, ಗೋಡೆ ಹಿಡಿದು ಹೋಗಿ ಬಾಗಿಲು ತೆಗೆದೆ.